ವಿಲಾಯತಿ ಗಾಡಿಯ ತವರು

ಪೆರುಂಗುಡಿಯ ಗುಜರಿ ಅಂಗಡಿಯೊಂದರ ಹಿಂಭಾಗದಲ್ಲಿ, ಬಾಗಿಲಿಲ್ಲದ ಎರಡು ಫ್ರಿಜ್ಜುಗಳ ನಡುವೆ, ಹಳೆಯ ಬಿ.ಎಸ್.ಎ. ಎಸ್.ಎಲ್.ಆರ್. ಸೈಕಲೊಂದು ನಮ್ಮ ಕಣ್ಣಿಗೆ ಬಿದ್ದಿತು. ಅಂಗಡಿಯವನು ಅದನ್ನು ಆಗಲೇ ತೂಕದ ಲೆಕ್ಕಕ್ಕೆ ಸೇರಿಸಿದ್ದನು; ನಾವು 700 ರೂಪಾಯಿ ಎಂದೊಡನೆ ಒಪ್ಪಿದನು. ಧಾರವಾಡದಲ್ಲಿ ನಮ್ಮ ತಂದೆಯವರು ಕಚೇರಿಗೆ ಹೋಗಿಬರುತ್ತಿದ್ದುದು ಇಂಥದೇ ಸೈಕಲಿನಲ್ಲಿ. ಅದನ್ನು ಅವರು ‘ವಿಲಾಯತಿ ಗಾಡಿ’ ಎಂದೇ ಕರೆಯುತ್ತಿದ್ದರು. ನಾವು ಇಂಗ್ಲಿಷ್ ಎಂ.ಎ.ಗೆ ಸೇರಿದ ವರ್ಷ, ಶುಲ್ಕ ಕಟ್ಟುವ ವಾರದಲ್ಲಿ, ಅದು ಮನೆಬಿಟ್ಟು ಹೋಯಿತು.

ವಿಲಾಯತಿ ಎಂಬುದು ಹೆಸರಿನ ಮಟ್ಟಿಗೆ ನಿಜ. ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್, 1861ರಲ್ಲಿ ಬಂದೂಕು ತಯಾರಕರು ಕೂಡಿ ಕಟ್ಟಿದ ಸಂಸ್ಥೆ. ಬಂದೂಕಿನ ಬೇಡಿಕೆ ಕುಗ್ಗಿದಾಗ ಅದು ಸೈಕಲಿಗೆ ಕೈಹಾಕಿತು; ಒಂದಕ್ಕೊಂದು ಆನಿಸಿಟ್ಟ ಮೂರು ಬಂದೂಕುಗಳ ಲಾಂಛನವನ್ನು ಮಾತ್ರ ಬಿಡಲಿಲ್ಲ. 1957ರಲ್ಲಿ ಆ ಸಂಸ್ಥೆ ತನ್ನ ಸೈಕಲ್ ವಿಭಾಗವನ್ನು ರ‍್ಯಾಲಿಗೆ ಮಾರಿತು. 1960ರಲ್ಲಿ ರ‍್ಯಾಲಿಯೇ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಎಂಬ ಇನ್ನೊಂದು ಬ್ರಿಟಿಷ್ ಸಂಸ್ಥೆಯ ಪಾಲಾಯಿತು.

ಈ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಅಷ್ಟರೊಳಗೆ ಮದ್ರಾಸಿನಲ್ಲಿ ಬೇರೂರಿತ್ತು. ಅದರ ಅಧ್ಯಕ್ಷ ಸರ್ ಐವನ್ ಸ್ಟೆಡ್‌ಫರ್ಡ್ ಹಾಗೂ ಎ.ಎಂ.ಎಂ. ಮುರುಗಪ್ಪ ಚೆಟ್ಟಿಯಾರರ ಒಡಂಬಡಿಕೆಯಿಂದ 1949ರಲ್ಲಿ ಟಿ.ಐ. ಸೈಕಲ್ಸ್ ಹುಟ್ಟಿತು. ಅಂಬತ್ತೂರಿನಲ್ಲಿ 1951ರಿಂದ ಹರ್ಕ್ಯುಲಿಸ್ ಸೈಕಲುಗಳು ತಯಾರಾದವು, ಫಿಲಿಪ್ಸ್, ಬಿ.ಎಸ್.ಎ. ಹೆಸರುಗಳೂ ಸೇರಿಕೊಂಡವು. 1955ರಲ್ಲಿ ಆವಡಿಯಲ್ಲಿ ಉಕ್ಕಿನ ಕೊಳವೆಯ ಕಾರ್ಖಾನೆ, 1960ರಲ್ಲಿ ಚೈನಿನ ಕಾರ್ಖಾನೆ. ಇಂಗ್ಲೆಂಡಿನ ಮೂಲ ಬಿ.ಎಸ್.ಎ. 1973ರಲ್ಲಿ ಕುಸಿದು ಬೇರೊಂದು ಸಂಸ್ಥೆಯಲ್ಲಿ ಲೀನವಾಯಿತು. ಬರ್ಮಿಂಗ್‌ಹ್ಯಾಮಿನ ಹೆಸರು ಉಳಿದದ್ದು ಅಂಬತ್ತೂರಿನಲ್ಲಿ. ತಂದೆಯವರ ಗಾಡಿಯ ತವರು ಇದೇ ಊರಿನ ಇನ್ನೊಂದು ತುದಿ! ವರ್ಗಾವಣೆಯ ಮೇಲೆ ಬಂದು ಆರು ವರ್ಷ ಕಳೆದಿದ್ದರೂ ನಮಗದು ತಿಳಿದಿರಲಿಲ್ಲ.

ದುರಸ್ತಿಗೆ ಮೂರು ತಿಂಗಳು ಹಿಡಿಯಿತು. ಹಳೆಯ ಸೈಕಲುಗಳಲ್ಲಿ ಪೆಡಲಿನ ತೋಳನ್ನು ಅಚ್ಚಿಗೆ ಬಿಗಿಯುವುದು ಕಾಟರ್ ಪಿನ್ ಎಂಬ ಬೆಣೆ. ತುಕ್ಕು ಹಿಡಿದರೆ ಅದು ಜಪ್ಪಯ್ಯ ಎಂದರೂ ಕದಲದು. ಎರಡು ರಾತ್ರಿ ಸೀಮೆಎಣ್ಣೆ ಕುಡಿಸಿ, ತೋಳಿನ ಅಡಿಗೆ ಕಬ್ಬಿಣದ ಕೊಳವೆಯ ಆಸರೆ ಕೊಟ್ಟು ಹೊಡೆದಾಗ ಬಲಗಡೆಯದು ಜಾರಿತು, ಎಡಗಡೆಯದು ಬಾಗಿತು. ಆಸರೆಯಿಲ್ಲದೆ ಹೊಡೆದದ್ದು ನಮ್ಮದೇ ಅವಸರ. ಕೊನೆಗೆ ಅದನ್ನು ಕೊರೆದೇ ತೆಗೆಯಬೇಕಾಯಿತು. ಒಳಗೆ ಬದಿಗೆ ಹನ್ನೊಂದರಂತೆ ಕಾಲಂಗುಲದ ಇಪ್ಪತ್ತೆರಡು ಉಕ್ಕಿನ ಗುಂಡುಗಳು. ಹದಿನೇಳು ಸಿಕ್ಕವು, ಅವೂ ಸವೆದಿದ್ದವು. ಎಲ್ಲವನ್ನೂ ಬದಲಿಸಿ ಹೊಸ ಗ್ರೀಸು ತುಂಬಿದೆವು. ಟೈರು, ಬ್ರೇಕಿನ ರಬ್ಬರು, ತಂತಿಗಳೂ ಹೊಸವು. ಬಣ್ಣವನ್ನು ಮಾತ್ರ ಮುಟ್ಟಲಿಲ್ಲ. ಹೊಸ ಬಣ್ಣ ಬಳಿದರೆ ಹಳೆಯ ಗಾಡಿ ಅಂಗಡಿಯ ಗೊಂಬೆಯಾಗುತ್ತದೆಂಬುದು ನಮ್ಮ ಅಭಿಪ್ರಾಯ. ಮನೆಯವರಿಗೆ ಇದು ಒಪ್ಪಿಗೆಯಿಲ್ಲ.

ಮೊದಲ ಸವಾರಿ ಮುಗಿಸಿ ತಂದೆಯವರಿಗೆ ದೂರವಾಣಿ ಮಾಡಿದೆವು. ಗಾಡಿ ವಿಲಾಯತಿಯದಲ್ಲ, ಅಂಬತ್ತೂರಿನದು ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಡೈನಮೋ ಐತೇನು?” ಎಂದು ಕೇಳಿದರು. ಇರಲಿಲ್ಲ. ಈಗ ಅದನ್ನು ಹುಡುಕುತ್ತಿದ್ದೇವೆ.