ಸೊನ್ನೆಯ ವಿಳಾಸಕ್ಕೆ ಇಬ್ಬರು ಹಕ್ಕುದಾರರು

1965ರ ಪಿಡಿಪಿ-8 ಯಂತ್ರಕ್ಕೆ ಮನುಷ್ಯನ ಬೆರಳೇ ಬೂಟ್‌ಲೋಡರ್. ಮುಂಭಾಗದ ಸ್ವಿಚ್ಚುಗಳನ್ನು ಮೇಲೆ ಕೆಳಗೆ ಮಾಡಿ ಕೆಲವು ಸೂಚನೆಗಳನ್ನು ತುಂಬಿದರೆ, ಉಳಿದದ್ದನ್ನು ಅವು ಕಾಗದದ ಪಟ್ಟಿಯಿಂದ ಓದಿಕೊಳ್ಳುತ್ತಿದ್ದವು. ಆ ಬೆರಳು ಹಿಂದೆ ಟೈಮರ್ ಓಡಿಸಿಟ್ಟು ಹೋಗುತ್ತಿರಲಿಲ್ಲ. ಈಗಿನ ಬೂಟ್‌ಲೋಡರ್‌ಗಳ ಮೇಲೆ ನನ್ನ ತಕರಾರು ಇರುವುದೇ ಅಲ್ಲಿ.

ನಾನು ಫರ್ಮ್‌ವೇರ್ ಕಸುಬು ಕಲಿತದ್ದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೊಂಡ ಎಲ್‌ಪಿಸಿ2148 ಬೋರ್ಡಿನ ಮೇಲೆ. ಅದರ ಆರ್ಮ್7 ಕೋರ್‌ಗೆ ಯಾವ ಎಕ್ಸೆಪ್ಷನ್ ಬಂದರೂ ನೆಗೆತ ಸೊನ್ನೆಯಿಂದ ಶುರುವಾಗುವ 32 ಬೈಟುಗಳೊಳಕ್ಕೇ. ಬೂಟ್‌ಲೋಡರ್‌ಗೂ ಆ ಜಾಗ ಬೇಕು, ಅಪ್ಲಿಕೇಷನ್‌ಗೂ ಬೇಕು. ಚಿಪ್ ಮಾಡಿದ ಫಿಲಿಪ್ಸ್‌ನವರು, ಸೊನ್ನೆಯಲ್ಲಿ ಯಾರ ವೆಕ್ಟರ್‌ಗಳು ಕಾಣಬೇಕೆಂದು ಆರಿಸುವ ಮೆಮ್‌ಮ್ಯಾಪ್ ಎಂಬ ರಿಜಿಸ್ಟರ್ ಇಟ್ಟು ವ್ಯಾಜ್ಯ ಬಗೆಹರಿಸಿದರು. ಜೊತೆಗೊಂದು ಕಟ್ಟಳೆ: ಆ 32 ಬೈಟುಗಳಲ್ಲಿನ ಎಂಟು ವೆಕ್ಟರ್‌ಗಳ ಮೊತ್ತ ಸೊನ್ನೆಯಾಗದಿದ್ದರೆ ಅಪ್ಲಿಕೇಷನ್‌ಗೆ ದಾರಿಯಿಲ್ಲ. ಕೋಡ್ ಸರಿಯಾಗಿ ಇಳಿದೂ ಬೋರ್ಡು ಸುಮ್ಮನೆ ಕೂರುತ್ತಿದ್ದುದು ಹಲವು ಸಲ ಇದರಿಂದಲೇ.

2004ರಲ್ಲಿ ಬಂದ ಕಾರ್ಟೆಕ್ಸ್-ಎಂ3ಯಲ್ಲಿ ವೆಕ್ಟರ್ ಟೇಬಲ್ಲನ್ನೇ ಎತ್ತಿಡಬಹುದು. ವಿಟಾರ್ ರಿಜಿಸ್ಟರ್‌ಗೆ ಹೊಸ ವಿಳಾಸ ಬರೆದರಾಯಿತು. ಟೇಬಲ್ಲಿನ ಮೊದಲ ಪದ ಸ್ಟ್ಯಾಕ್ ತುದಿ, ಎರಡನೆಯದು ರೀಸೆಟ್ ಹ್ಯಾಂಡ್ಲರ್. ಎರಡನ್ನೂ ಓದಿ ನೆಗೆದರೆ ಸಾಕೆಂದು ಎಲ್ಲರೂ ನಂಬಿದರು. ಸಾಲದು. ಹಳೆಯ ಬಾಡಿಗೆದಾರ ಒಲೆ ಆರಿಸದೆ ಮನೆ ಬಿಟ್ಟ ಹಾಗೆ ಬೂಟ್‌ಲೋಡರ್ ಸಿಸ್‌ಟಿಕ್ ಟೈಮರ್ ಓಡಿಸಿಟ್ಟೇ ಹೊರಡುತ್ತದೆ. ವಿಟಾರ್ ಬದಲಾಗುವ ಮೊದಲೇ ಟಿಕ್ ಬಂತೋ, ಹಳೆಯ ಹ್ಯಾಂಡ್ಲರ್ ಎದ್ದು ತನ್ನದೆಂದುಕೊಂಡ ರ‍್ಯಾಮ್‌ನಲ್ಲಿ ಬರೆಯುತ್ತದೆ. ಆ ಜಾಗ ಈಗ ಅಪ್ಲಿಕೇಷನ್ನಿನದು. ಹಾರ್ಡ್‌ಫಾಲ್ಟ್ ಬೀಳುವುದು ಆಮೇಲೆ, ಇನ್ನೆಲ್ಲೋ. ಬೈಗುಳ ಅಪ್ಲಿಕೇಷನ್ ಬರೆದವನಿಗೆ.

ಫಾಲ್ಟೇ ಬೀಳದ ಕಾಟ ಇನ್ನೂ ಕೆಟ್ಟದ್ದು. ಬೂಟ್‌ಲೋಡರ್ ತನ್ನ ಇಂಟರಪ್ಟ್ ಹ್ಯಾಂಡ್ಲರ್ ಒಳಗಿಂದಲೇ ನೆಗೆದರೆ ಅಪ್ಲಿಕೇಷನ್ನಿನ ಮೇನ್ ಚೆನ್ನಾಗಿಯೇ ಓಡುತ್ತದೆ, ಆದರೆ ಅದೇ ಅಥವಾ ಕೆಳಗಿನ ಆದ್ಯತೆಯ ಇಂಟರಪ್ಟ್ ಒಂದೂ ಬರುವುದಿಲ್ಲ. ಜಾಣರು ನೆಗೆಯುವ ಮುನ್ನ ಪ್ರೈಮಾಸ್ಕ್ ರಿಜಿಸ್ಟರ್‌ನಿಂದ ಇಂಟರಪ್ಟ್‌ಗಳನ್ನು ಮುಚ್ಚುತ್ತಾರೆ. ಅತ್ತ ಅಪ್ಲಿಕೇಷನ್ನಿನಲ್ಲಿ ತೆರೆಯುವವರಿಲ್ಲದಿದ್ದರೆ ಆಗಲೂ ಇಂಟರಪ್ಟ್ ಬರುವುದಿಲ್ಲ.

ತಮಾಷೆಯೆಂದರೆ, 2009ರ ಕಾರ್ಟೆಕ್ಸ್-ಎಂ0ದಲ್ಲಿ ವಿಟಾರ್ ಇಲ್ಲವೇ ಇಲ್ಲ. ಎಸ್‌ಟಿಎಂ32ಎಫ್0 ಹಿಡಿದವರು ಟೇಬಲ್ಲನ್ನು ರ‍್ಯಾಮ್‌ಗೆ ನಕಲಿಸಿ, ರ‍್ಯಾಮನ್ನೇ ಸೊನ್ನೆಯಲ್ಲಿ ಕಾಣಿಸುತ್ತಾರೆ: ಮತ್ತೆ ಮೆಮ್‌ಮ್ಯಾಪ್ ಕಾಲ.

ಅದಕ್ಕೇ ನಾನು ಫಾಲ್ಟ್ ಬಿದ್ದ ಜಾಗವನ್ನು ಮೊದಲು ನೋಡುವುದಿಲ್ಲ. ಅಪ್ಲಿಕೇಷನ್ನಿನ ರೀಸೆಟ್ ಹ್ಯಾಂಡ್ಲರ್‌ನ ಮೊದಲ ಸೂಚನೆಯಲ್ಲೇ ಬ್ರೇಕ್‌ಪಾಯಿಂಟ್ ಇಟ್ಟು ಐಪಿಎಸ್‌ಆರ್, ಪ್ರೈಮಾಸ್ಕ್, ಕಂಟ್ರೋಲ್, ಸಿಸ್‌ಟಿಕ್‌ನ ಎನೇಬಲ್ ಬಿಟ್, ಎನ್‌ವಿಐಸಿಯ ಎನೇಬಲ್ ರಿಜಿಸ್ಟರ್‌ಗಳನ್ನು ಓದುತ್ತೇನೆ. ನಿಜವಾದ ರೀಸೆಟ್ ಆದ ಮೇಲೆ ಇವೆಲ್ಲ ಸೊನ್ನೆ ಇರುತ್ತವೆ. ಸೊನ್ನೆಯಲ್ಲದ್ದು ಕಂಡರೆ ಬೂಟ್‌ಲೋಡರ್ ಬರೆದವರನ್ನು ಕರೆಸುತ್ತೇನೆ.