ಕಾನೂನು ಮೇಷ್ಟ್ರು ಮತ್ತು ಕಿತ್ತೂರು ಸೀಮೆಯ ರೈತರು

ಪ್ರೊ. ಎಂ.ಡಿ. ನಂಜುಂಡಸ್ವಾಮಿ ಅಂದ್ರೆ ನಮ್ಮ ಬೆಂಗಳೂರಿನ ಐಟಿ ಮಂದಿಗೆ ನೆನಪಾಗೋದು 1996ರ ಕೆಂಟಕಿ ಚಿಕನ್ ಗಲಾಟೆ, ಹಸಿರು ಶಾಲು, ಅಷ್ಟೇ. ಮೈಸೂರು ಕಡೆಯ ಈ ಕಾನೂನು ಮೇಷ್ಟ್ರು ಧಾರವಾಡದಿಂದ ಶಾಸಕರಾಗಿದ್ದು ಹೇಗೆ ಗೊತ್ತಾ?

ಸವದತ್ತಿ ತಾಲೂಕಿನ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಬಂತು. ಹಿಂದೆಯೇ ಅಚ್ಚುಕಟ್ಟಿನ ರೈತರ ಮೇಲೆ ಬೆಟರ್‌ಮೆಂಟ್ ಲೆವಿ ಬಿತ್ತು. ನೀರೇ ಮುಟ್ಟದ ಹೊಲಕ್ಕೂ ಕರ! ಸವದತ್ತಿಯಲ್ಲೂ ಚಳವಳಿ ಎದ್ದಿತು. 1980ರ ಜುಲೈ 21ರಂದು ನವಲಗುಂದ, ನರಗುಂದಗಳಲ್ಲಿ ಗೋಲಿಬಾರ್. ಬಸಪ್ಪ ಲಕ್ಕುಂಡಿ, ವೀರಪ್ಪ ಕಡ್ಲಿಕೊಪ್ಪ ಸತ್ತರು. ನರಗುಂದದಲ್ಲಿ ಪೊಲೀಸರೂ ಜೀವ ಕಳಕೊಂಡರು. ಅದನ್ನೂ ಮರೆಯಬಾರದು.

ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್ ಜೊತೆ ಲೋಹಿಯಾವಾದಿ ನಂಜುಂಡಸ್ವಾಮಿ. ಮೇಷ್ಟ್ರು ಕಾನೂನನ್ನು ಕೋರ್ಟಿನಿಂದ ಹಳ್ಳಿ ಕಟ್ಟೆಗೆ ತಂದರು. ಬೆಳೆಗೆ ನ್ಯಾಯವಾದ ಬೆಲೆ ಕೊಡದ ಸರ್ಕಾರವೇ ಬಾಕಿದಾರ, ರೈತ ಸಾಲಗಾರನಲ್ಲ ಅನ್ನೋದು ಅವರ ವಾದ. ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದು ಅಂತ ಹಳ್ಳಿಗಳ ಮುಂದೆ ಬೋರ್ಡು ನಿಂತವು. ಜಪ್ತಿಯಾದ ಸಾಮಾನನ್ನು ರೈತರೇ ‘ಮರುಜಪ್ತಿ’ ಮಾಡಿ ತಂದರು!

1989ರ ಚುನಾವಣೆಯಲ್ಲಿ ಸಂಘಕ್ಕೆ ಎರಡು ಸೀಟು. ತಮಾಷೆ ಅಂದ್ರೆ ಎರಡನ್ನೂ ಗೆದ್ದವರು ಒಬ್ಬರೇ, ಬೈಲಹೊಂಗಲ ತಾಲೂಕಿನ ಚಿಕ್ಕಬಾಗೇವಾಡಿಯ ಬಾಬಾಗೌಡ ಪಾಟೀಲರು. ಕಿತ್ತೂರು ಇಟ್ಟುಕೊಂಡು ಧಾರವಾಡ ಬಿಟ್ಟರು. ಉಪಚುನಾವಣೆಯಲ್ಲಿ ಅಲ್ಲಿಂದ ಗೆದ್ದು ಮೇಷ್ಟ್ರು ವಿಧಾನಸಭೆಗೆ ಹೋದರು.

ಆಮೇಲೆ ಇಬ್ಬರ ದಾರಿ ಕವಲಾಯ್ತು. ಮೇಷ್ಟ್ರು 1992ರಲ್ಲಿ ಕಾರ್ಗಿಲ್ ವಿರುದ್ಧ, 1998ರಲ್ಲಿ ಮಾನ್ಸಾಂಟೊ ವಿರುದ್ಧ ಬೀದಿಗಿಳಿದ ಚಳವಳಿಯ ಮುಂದಿದ್ದರು. ಗೌಡರು 1998ರಲ್ಲಿ ಬಿಜೆಪಿಯಿಂದ ಬೆಳಗಾವಿ ಸಂಸದರಾಗಿ ವಾಜಪೇಯಿ ಸರ್ಕಾರದಲ್ಲಿ ಮಂತ್ರಿಯಾದರು. ಮೇಷ್ಟ್ರು 2004ರಲ್ಲಿ ಹೋದರು, ಗೌಡರು 2021ರಲ್ಲಿ.

ಅಧಿಕಾರದ ಒಳಗೆ ಹೋಗಬೇಕೋ, ಹೊರಗೆ ನಿಂತು ಕೂಗಬೇಕೋ? ಸಂಘ ಒಡೆದದ್ದು ನಷ್ಟವೇ. ಆದ್ರೆ ಜಪ್ತಿಗೆ ಬಂದವರನ್ನು ‘ಯಾವ ಕಾನೂನು ಸಾಹೇಬ್ರ?’ ಅಂತ ಕೇಳೋ ಧೈರ್ಯ ರೈತನಿಗೆ ಬಂತಲ್ಲ, ನನ್ನ ಪ್ರಕಾರ ಮೇಷ್ಟ್ರ ನಿಜವಾದ ಗೆಲುವು ಅದು, ಶಾಸಕ ಸ್ಥಾನವಲ್ಲ.

ರಾಮದುರ್ಗ, ಸವದತ್ತಿ, ಬೈಲಹೊಂಗಲ ಕಡೆಯ ಗೆಳೆಯರೇ, ನಿಮ್ಮ ಮನೆಯ ಹಿರಿಯರು ಆ ದಿನಗಳನ್ನ ಕಂಡಿರ್ತಾರೆ. ಕೇಳಿ, ಬರೆದಿಡಿ. ಇಲ್ಲಾಂದ್ರೆ ಕೆಂಟಕಿ ಚಿಕನ್ ಅಷ್ಟೇ ಉಳಿಯುತ್ತೆ ನೋಡಿ...