ಲಾಲ್‌ಬಾಗಿನ ಸಸಿಮಡಿ: ಒಂದು ಐತಿಹಾಸಿಕ ವಿವೇಚನೆ

ಬೆಂಗಳೂರಿನ ಲಾಲ್‌ಬಾಗಿನ ಅಭಿವೃದ್ಧಿಗೆ ಸಾಮಾನ್ಯವಾಗಿ ಎರಡು ಕಾರಣಗಳನ್ನು ಹೇಳುವುದುಂಟು: ಅರಸರ ಅಭಿರುಚಿ ಮತ್ತು ಊರಿನ ಹಿತವಾದ ಹವೆ. ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿರುವ ಈ ನೆಲದಲ್ಲಿ ಹಿಮದ ಭಯವಿಲ್ಲ, ಕಡುಬೇಸಗೆಯೂ ದೀರ್ಘಕಾಲದ್ದಲ್ಲ. ದೂರದೇಶಗಳ ಗಿಡಮರಗಳು ಇಲ್ಲಿ ಒಗ್ಗಿಕೊಳ್ಳುವುದು ಸುಲಭವೆಂಬುದು ನಿರ್ವಿವಾದ. ಆದರೆ ಈ ಎರಡು ಕಾರಣಗಳೇ ಸಾಕಾಗಿದ್ದವೇ ಎಂಬುದನ್ನು ನಾವು ಇಲ್ಲಿ ಪರಿಶೀಲಿಸಬಯಸುತ್ತೇವೆ.

1760ರಲ್ಲಿ ಹೈದರ್ ಅಲಿಯು ಸುಮಾರು 40 ಎಕರೆಯಲ್ಲಿ ಈ ತೋಟಕ್ಕೆ ಅಸ್ತಿಭಾರ ಹಾಕಿದನು. ಟಿಪ್ಪು ಸುಲ್ತಾನನು ಪರದೇಶಗಳಿಂದ ಬೀಜ, ಸಸಿಗಳನ್ನು ತರಿಸಿ ಅದನ್ನು ಬೆಳೆಸಿದನು. 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ತರುವಾಯ ತೋಟವು ಹಲವರ ಕೈ ದಾಟಿತು. 1836ರಲ್ಲಿ ಅದನ್ನು ವಹಿಸಿಕೊಂಡ ಕೃಷಿ ಮತ್ತು ತೋಟಗಾರಿಕೆಯ ಸಂಘವು 1842ರಲ್ಲಿಯೇ ವಿಸರ್ಜಿತವಾಯಿತು. ಹವೆ ಅದೇ, ನೆಲವೂ ಅದೇ; ಆದರೂ ಕಾರ್ಯವು ನಿಂತಿತು. ಹವೆಯೊಂದೇ ತೋಟವನ್ನು ಕಟ್ಟಲಾರದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

1856ರಲ್ಲಿ ಲಾಲ್‌ಬಾಗು ಸರ್ಕಾರಿ ತೋಟವಾಯಿತು. 1858ರಲ್ಲಿ ಇಂಗ್ಲೆಂಡಿನ ಕ್ಯೂ ತೋಟದಲ್ಲಿ ತರಬೇತಿ ಪಡೆದ ವಿಲಿಯಂ ನ್ಯೂ ಅಧೀಕ್ಷಕನಾಗಿ ಬಂದನು. ಆಗ ದೊರೆತದ್ದು ಹೊಸ ಹವೆಯಲ್ಲ. ಖಾಯಂ ಸಿಬ್ಬಂದಿ ಮತ್ತು ಕ್ರಮವಾದ ಸಸಿಮಡಿಯ ಕೆಲಸ. ಹೊರಗಿನಿಂದ ಬಂದ ಬೀಜವನ್ನು ನೇರವಾಗಿ ಬಯಲಿನಲ್ಲಿ ನೆಡುವಂತಿಲ್ಲ. ಅದನ್ನು ನೆರಳಿನ ಮಡಿಯಲ್ಲಿ ಬಿತ್ತಿ, ಮೊಳಕೆಯನ್ನು ಕುಂಡಕ್ಕೆ ಬದಲಿಸಿ, ಸ್ವಲ್ಪಸ್ವಲ್ಪವಾಗಿ ಬಿಸಿಲಿಗೆ ಒಡ್ಡಿ, ಹೆಸರಿನ ಚೀಟಿ ಕಟ್ಟಿ, ಬದುಕಿದ್ದನ್ನೂ ಸತ್ತದ್ದನ್ನೂ ಬರೆದಿಡಬೇಕು. ಬದುಕಿದ ಗಿಡದಿಂದ ಕಡ್ಡಿ ನೆಟ್ಟೋ ಕಸಿ ಕಟ್ಟಿಯೋ ನೂರು ಗಿಡಗಳಾದಾಗ ಮಾತ್ರ ಅದು ನಾಡಿನದಾಗುತ್ತದೆ.

1874ರಲ್ಲಿ ಅಧಿಕಾರ ವಹಿಸಿದ ಜಾನ್ ಕ್ಯಾಮರನ್ನನ ಕಾಲದಲ್ಲಿ ತೋಟವು ವಿಸ್ತಾರಗೊಂಡಿತು. ಗಾಜಿನ ಮನೆಗೆ 1889ರಲ್ಲಿ ಶಂಕುಸ್ಥಾಪನೆಯಾಯಿತು. ಪ್ರೇಕ್ಷಕರು ಇಂದಿಗೂ ನೆನೆಯುವುದು ಅದನ್ನೇ. ಆದರೆ ಅವನೇ ಪ್ರಚಾರಕ್ಕೆ ತಂದನೆಂದು ಹೇಳಲಾಗುವ ಸೀಮೆಬದನೆಕಾಯಿಯು ಗಾಜಿನ ಮನೆಗಿಂತ ಹೆಚ್ಚು ಮನೆಗಳನ್ನು ಮುಟ್ಟಿದೆ. 1908ರಲ್ಲಿ ಬಂದ ಜರ್ಮನ್ ತಜ್ಞ ಕ್ರುಂಬಿಗಲ್ಲನು ತೋಟದ ವಿದ್ಯೆಯನ್ನು ಊರಿನ ಬೀದಿಗಳಿಗೂ ವಿಸ್ತರಿಸಿ ಸಾಲುಮರಗಳನ್ನು ಬೆಳೆಸಿದನು. ಆ ಸಾಲುಮರಗಳಿಗೂ ಮೊದಲು ಬೇಕಾದದ್ದು ಸಸಿಮಡಿಯೇ.

ಲಾಲ್‌ಬಾಗು ಇಂದು ಸುಮಾರು 240 ಎಕರೆಯಷ್ಟಿದೆ. ಅರಸರ ಮತ್ತು ಅಧೀಕ್ಷಕರ ಹೆಸರುಗಳು ಗ್ರಂಥಗಳಲ್ಲಿ ಉಳಿದಿವೆ; ಕ್ರುಂಬಿಗಲ್ಲನ ಹೆಸರು ಪಕ್ಕದ ರಸ್ತೆಗೂ ಇದೆ. ಮಡಿಗೆ ನೀರು ಹನಿಸಿದ ಮಾಲಿಗಳ ಹೆಸರುಗಳು ಮಾತ್ರ ಅವುಗಳಲ್ಲಿ ವಿರಳ. ತೋಟದ ಚರಿತ್ರೆಯನ್ನು ಬರೆಯಹೊರಟ ವಿದ್ಯಾರ್ಥಿಯು ಶಂಕುಸ್ಥಾಪನೆಯ ಕಲ್ಲಿನಿಂದಲ್ಲ, ಸಸಿಮಡಿಯ ಲೆಕ್ಕದಿಂದ ಆರಂಭಿಸುವುದು ಉಚಿತವೆಂದು ನಾವು ಭಾವಿಸುತ್ತೇವೆ.